ಮೇಲಕ್ಕೇರಿಸುವ ಮೊದಲು ಕೆಳಗಿಳಿಸು

ಚಾವಣಿಗೆ ನಾಲ್ಕು ಸ್ಪೀಕರ್ ಹಾಕಿಸಬೇಕು ಮಾವ, ಯಾವ ಕಂಪನಿಯದು ತರಲಿ ಎಂದು ಕೇಳಿದೆಯಲ್ಲ, ಕಂಪನಿಯ ಮಾತು ಆಮೇಲೆ ಆಡೋಣ. ನಿನ್ನ ಹಾಲ್‌ನಲ್ಲಿ ಸಜ್ಜಾದ ಪಕ್ಕ ಏಳೂವರೆ ಅಡಿ ಎತ್ತರದಲ್ಲಿ ಎರಡು ಸರೌಂಡ್ ಸ್ಪೀಕರ್ ನೇತಾಡುತ್ತಿವೆ, ಮೊದಲು ಅವನ್ನು ಕೆಳಗಿಳಿಸು. ಸೋಫಾದಲ್ಲಿ ಕೂತವರ ಕಿವಿಯ ಮಟ್ಟಕ್ಕೆ ತಂದು ನಿಲ್ಲಿಸು. ಒರಗು ದಿಂಬು ಅಡ್ಡ ಬರುತ್ತದೆ ಅಂದರೆ ಒಂದು ಗೇಣು ಮೇಲಿರಲಿ, ಅದಕ್ಕಿಂತ ಮೇಲೆ ಬೇಡ. ಹೆಚ್ಚು ಖರ್ಚಿಲ್ಲದ ಕೆಲಸ ಇದು. ಇದನ್ನು ಮಾಡದೆ ಎಷ್ಟು ದುಬಾರಿ ಸ್ಪೀಕರ್ ತಂದು ಚಾವಣಿಗೆ ಕಟ್ಟಿದರೂ ನೀನು ಕೊಟ್ಟ ದುಡ್ಡು ಕಿವಿಗೆ ಬೀಳುವುದಿಲ್ಲ.

ಅವನ್ನು ಹಾಕಿದ ಕೆಲಸಗಾರನದು ತಪ್ಪೇನಿಲ್ಲ. ಸುತ್ತ ಐದು ಸ್ಪೀಕರ್, ಒಂದು ಸಬ್‌ವೂಫರ್ ಎಂಬ ಬರೀ 5.1 ಇದ್ದ ಕಾಲದಲ್ಲಿ ರೂಢಿಯೇ ಹಾಗಿತ್ತು. ಸರೌಂಡ್ ಸ್ಪೀಕರನ್ನು ಕಿವಿಗಿಂತ ಎರಡು ಮೂರು ಅಡಿ ಮೇಲಿಡಿ ಎನ್ನುತ್ತಿದ್ದರು. ಹಿಂದಿನ ಸದ್ದು ಒಂದು ಬಿಂದುವಿನಿಂದ ಬಂದಂತೆ ಅನ್ನಿಸದೆ ಕೋಣೆಯಲ್ಲಿ ಹರಡಿಕೊಳ್ಳಲಿ ಎಂಬುದು ಅದರ ಉದ್ದೇಶ. ನಮ್ಮ ಮನೆಗಳಲ್ಲಿ ಅದು ಇನ್ನಷ್ಟು ಮೇಲೇರಿತು. ಮಕ್ಕಳ ಕೈಗೆ ಸಿಗಬಾರದು, ಕಸ ಗುಡಿಸುವಾಗ ಪೊರಕೆ ತಾಗಬಾರದು, ಬಾಗಿಲು ತೆರೆದರೆ ಬಡಿಯಬಾರದು, ಹೀಗೆ ಕಾರಣಗಳು ಸಾಕಷ್ಟಿದ್ದವು. ಈಗ ನೀನು ತಲೆಯ ಮೇಲೊಂದು ಪದರ ಬೇಕು ಅನ್ನುತ್ತಿದ್ದೀಯ. ಮೇಲಿನದು ಮೇಲೆ ಎಂದು ಕಿವಿಗೆ ಗೊತ್ತಾಗಬೇಕಾದರೆ ಕೆಳಗಿನದು ಕೆಳಗೇ ಇರಬೇಕು. ಲೆಕ್ಕ ಹಾಕಿ ನೋಡು. ನೆಲದಿಂದ ಕೂತವನ ಕಿವಿ ಸುಮಾರು ಮೂರೂವರೆ ಅಡಿ. ಆರು ಅಡಿ ಆಚೆಯ ಗೋಡೆಯಲ್ಲಿ ಏಳೂವರೆ ಅಡಿ ಎತ್ತರದಲ್ಲಿರುವ ಸ್ಪೀಕರ್ ಕಿವಿಯಿಂದ ನೋಡಿದರೆ 34 ಡಿಗ್ರಿ ಮೇಲಿದೆ. ಚಾವಣಿಯಲ್ಲಿ ಹಾಕುವುದು ಹೆಚ್ಚೂಕಡಿಮೆ 40-45 ಡಿಗ್ರಿಯಲ್ಲಿ. ಎರಡರ ನಡುವೆ ಉಳಿಯುವುದು ಹತ್ತು ಡಿಗ್ರಿಯ ಆಸುಪಾಸು. ಅಷ್ಟರಲ್ಲಿ ಎರಡನ್ನೂ ಬೇರೆ ಮಾಡಿ ಕೇಳುವುದು ಕಿವಿಗೆ ಕಷ್ಟ.

ಯಾಕೆಂದರೆ ಎಡ ಬಲ ಗುರುತಿಸುವುದರಲ್ಲಿ ನಮ್ಮ ಕಿವಿ ಎಷ್ಟು ಚುರುಕೋ ಮೇಲೆ ಕೆಳಗೆ ಗುರುತಿಸುವುದರಲ್ಲಿ ಅಷ್ಟಿಲ್ಲ. ಎಡಗಡೆಯ ಸದ್ದು ಎಡಗಿವಿಗೆ ಮೊದಲು ತಲುಪುತ್ತದೆ, ಬಲಗಿವಿಗೆ ಒಂದಿಷ್ಟು ತಡವಾಗಿ. ಆ ತಡ ಹೆಚ್ಚೆಂದರೆ ಒಂದು ಸೆಕೆಂಡಿನ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ, ಆದರೂ ಮಿದುಳು ಅದನ್ನು ಹಿಡಿಯುತ್ತದೆ. ನೆತ್ತಿಯ ಮೇಲಿನ ಸದ್ದು ಎರಡು ಕಿವಿಗೂ ಒಟ್ಟಿಗೇ ಬರುತ್ತದೆ. ಆಗ ಉಳಿಯುವ ಮುಖ್ಯ ಸುಳಿವು ಹೊರಗಿವಿಯ ಮಡಿಕೆಗಳು ಕೊಡುವುದು. ಮೇಲಿಂದ ಬಂದ ಸದ್ದು ಆ ಮಡಿಕೆಗಳಲ್ಲಿ ತಾಗಿ ಒಳಹೋಗುವಾಗ ಅದರ ತೀಕ್ಷ್ಣ ಸ್ವರಗಳಲ್ಲಿ ಕೆಲವು ಏರುತ್ತವೆ, ಕೆಲವು ಇಳಿಯುತ್ತವೆ. ಹುಟ್ಟಿದಾಗಿನಿಂದ ಆ ಏರಿಳಿತ ಕೇಳಿ ಕೇಳಿ ಮಿದುಳು ಅದನ್ನು ಎತ್ತರ ಎಂದು ಓದುವುದನ್ನು ಕಲಿತಿದೆ. ಇದೆಲ್ಲ ನಡೆಯುವುದು ಹೆಚ್ಚಾಗಿ 5,000 ಹರ್ಟ್ಸ್‌ಗಿಂತ ಮೇಲೆ. ಆದ್ದರಿಂದ ಚಾವಣಿಗೆ ದೊಡ್ಡ ವೂಫರ್ ಇರುವ ಭಾರದ ಪೆಟ್ಟಿಗೆ ಬೇಕಿಲ್ಲ. ತೀಕ್ಷ್ಣ ಸ್ವರ ಸ್ವಚ್ಛವಾಗಿ ಬರುವ, ಟ್ವೀಟರ್ ಕೂತವನ ಕಡೆಗೆ ಮುಖ ಮಾಡುವಂಥ ಸಣ್ಣ ಸ್ಪೀಕರ್ ಸಾಕು. ಮುಂದಿನ ಸ್ಪೀಕರ್‌ಗಳ ಕಂಪನಿಯದ್ದೇ, ಅದೇ ಸಾಲಿನದ್ದೇ ಆದರೆ ಇನ್ನೂ ಒಳ್ಳೆಯದು. ಮಳೆ ಮುಂದಿನಿಂದ ಮೇಲಕ್ಕೆ ಸರಿಯುವಾಗ ಅದರ ದನಿ ಬದಲಾಗಬಾರದು. ಕಂಪನಿಯ ಬಗ್ಗೆ ನಾನು ಹೇಳಬೇಕಾದದ್ದು ಇಷ್ಟೇ.

ಈ ಎತ್ತರದ ಪದರ ಎಲ್ಲಿಂದ ಬಂತೆಂದು ತಿಳಿದರೆ ಅದರಿಂದ ಏನು ಬಯಸಬೇಕು ಎಂಬುದೂ ತಿಳಿಯುತ್ತದೆ. 2012ರಲ್ಲಿ ಪಿಕ್ಸಾರ್ ಕಂಪನಿಯ 'ಬ್ರೇವ್' ಚಿತ್ರದೊಂದಿಗೆ ಡಾಲ್ಬಿ ಅಟ್ಮಾಸ್ ಚಿತ್ರಮಂದಿರಕ್ಕೆ ಬಂತು. ಅದುವರೆಗೆ ಧ್ವನಿ ಸಂಯೋಜಕ ಯಾವ ಸದ್ದು ಯಾವ ಚಾನೆಲ್‌ಗೆ ಎಂದು ಹಂಚುತ್ತಿದ್ದ. ಅಟ್ಮಾಸ್‌ನಲ್ಲಿ ಒಂದು ಹಕ್ಕಿಯ ಕೂಗನ್ನು ಬೇರೆಯೇ ಎತ್ತಿ, ಅದು ಈ ಕ್ಷಣ ಕೋಣೆಯ ಈ ಜಾಗದಲ್ಲಿದೆ ಎಂದು ಬರೆದಿಡಬಹುದು. ಎಷ್ಟು ಸ್ಪೀಕರ್ ಇವೆ, ಎಲ್ಲಿವೆ ಎಂದು ನೋಡಿ ಆ ಕೂಗನ್ನು ಅಲ್ಲಿಗೆ ಕೂರಿಸುವುದು ಯಂತ್ರದ ಕೆಲಸ. ಚಿತ್ರಮಂದಿರದ ವ್ಯವಸ್ಥೆಯಲ್ಲಿ ಒಂದೇ ಸಲಕ್ಕೆ 128 ಧ್ವನಿಪಥಗಳು, 64 ಸ್ಪೀಕರ್ ಸಾಲುಗಳವರೆಗೆ ಹೋಗಬಹುದು. 2014ರಲ್ಲಿ ಅದು ಮನೆಗೂ ಬಂತು. ಆಗಿನಿಂದಲೇ 5.1.2, 5.1.4 ಎಂದು ಕೊನೆಗೊಂದು ಅಂಕಿ ಸೇರಿಕೊಂಡಿದ್ದು, ತಲೆಯ ಮೇಲಿನ ಸ್ಪೀಕರ್‌ಗಳ ಲೆಕ್ಕ ಅದು. ಬೆಲ್ಜಿಯಂನವರ ಆರೋ-3ಡಿ ಬೇರೆ ಹಾದಿ ಹಿಡಿಯಿತು. ಕಮಲ್ ಹಾಸನ್ 2013ರ 'ವಿಶ್ವರೂಪಂ' ಚಿತ್ರಕ್ಕೆ ಬಳಸಿದ್ದು ಅದನ್ನೇ. ಅದರಲ್ಲಿ ಎತ್ತರದ ಸ್ಪೀಕರ್‌ಗಳಲ್ಲಿ ಹೆಚ್ಚಿನವು ಚಾವಣಿಯಲ್ಲಿರದೆ ಗೋಡೆಯ ಮೇಲ್ಭಾಗದಲ್ಲಿ, ಕೆಳಗಿನವುಗಳ ನೇರ ಮೇಲೆ ಇರುತ್ತವೆ. ನಿನಗೆ ಸಿಗುವ ಚಿತ್ರಗಳು ಹೆಚ್ಚಿನವು ಅಟ್ಮಾಸ್‌ನಲ್ಲೇ ಇರುವುದರಿಂದ ಅದರ ಅಳತೆಗೇ ಮನೆ ಹೊಂದಿಸು.

ಹೆಲಿಕಾಪ್ಟರ್ ತಲೆಯ ಮೇಲೆ ಹಾದುಹೋಗುತ್ತದೆ ಎಂದು ಅಂಗಡಿಯಲ್ಲಿ ತೋರಿಸಿದ್ದಾರೆ, ಅದನ್ನು ನೋಡಿ ನೀನು ಮನಸೋತಿದ್ದೀಯ. ಎರಡೂವರೆ ಗಂಟೆಯ ಚಿತ್ರದಲ್ಲಿ ಹೆಲಿಕಾಪ್ಟರ್ ಬರುವುದು ಎಷ್ಟು ಹೊತ್ತು ಹೇಳು. ಉಳಿದ ಹೊತ್ತಿನಲ್ಲಿ ಮೇಲಿನ ಸ್ಪೀಕರ್‌ಗಳಿಂದ ಬರುವುದು ಸಣ್ಣ ಸಂಗತಿಗಳು. ದೇವಸ್ಥಾನದ ನವರಂಗದಲ್ಲಿ ಗಂಟೆ ಹೊಡೆದವರು ಮುಂದೆ ನಿಂತಿರುತ್ತಾರೆ, ನಾದ ಮಾತ್ರ ಕಲ್ಲಿನ ಮಾಡಿಗೆ ತಾಗಿ ಮೇಲಿನಿಂದ ಇಳಿಯುತ್ತದೆ. ಕಣ್ಣು ಮುಚ್ಚಿದ್ದರೂ ಮಾಡು ಎಷ್ಟು ಎತ್ತರ ಎಂದು ಅದರಿಂದ ತಿಳಿಯುತ್ತದೆ. ಒಳ್ಳೆಯ ಧ್ವನಿ ಸಂಯೋಜಕರು ಚಾವಣಿಗೆ ಕಳಿಸುವುದು ಬಹುಪಾಲು ಇಂಥದ್ದನ್ನೇ: ಸುರಂಗದ ಮಾರ್ದನಿ, ಕಾಡಿನ ಎಲೆಗಳ ಸರಪರ, ಸಂಗೀತ ಮುಗಿದ ಮೇಲೂ ಉಳಿಯುವ ಅದರ ಗುಂಗು. ಹೈಟ್ ಸ್ಪೀಕರ್ ಚೆನ್ನಾಗಿ ಕೂತಿದ್ದರೆ ಅದು ಕೆಲಸ ಮಾಡುತ್ತಿದೆಯೆಂದೇ ನಿನಗೆ ಅನ್ನಿಸುವುದಿಲ್ಲ. ಅದನ್ನು ನಿಲ್ಲಿಸಿದಾಗ ಮಾತ್ರ ಕೋಣೆ ಕುಗ್ಗಿದ್ದು ಗೊತ್ತಾಗುತ್ತದೆ. 'ನಂಗೆ ಕೇಳಿಸ್ತಿಲ್ಲ' ಎಂದು ಅದರ ಮಟ್ಟವನ್ನು ನಾಲ್ಕೈದು ಡೆಸಿಬೆಲ್ ಏರಿಸುವವರನ್ನು ಎಷ್ಟೋ ಕಡೆ ನೋಡಿದ್ದೇನೆ. ಆಗ ಮಳೆಯೆಲ್ಲ ಚಾವಣಿಯ ಎರಡು ತೂತಿನಿಂದ ಸುರಿದಂತಾಗುತ್ತದೆ.

ಈಗ ಟೇಪು ಹಿಡಿ. ಚಾವಣಿ ಹತ್ತು ಅಡಿ, ಕಿವಿ ಮೂರೂವರೆ, ಉಳಿದದ್ದು ಆರೂವರೆ. ನಾಲ್ಕು ಸ್ಪೀಕರ್ ಹಾಕುವುದಾದರೆ ಮುಂದಿನ ಜೋಡಿ ಕಿವಿಯಿಂದ 30ರಿಂದ 55 ಡಿಗ್ರಿ ಏರಿಕೆಯೊಳಗೆ, ಹಿಂದಿನ ಜೋಡಿಯೂ ಅಷ್ಟೇ ಏರಿಕೆಯಲ್ಲಿ ಬೆನ್ನ ಹಿಂದೆ ಬರಬೇಕು ಎಂಬುದು ಡಾಲ್ಬಿಯವರ ಸೂಚನೆ. ಇದ್ದುದರಲ್ಲಿ 45 ಡಿಗ್ರಿ ಎಲ್ಲಕ್ಕಿಂತ ಸಲೀಸು, ಅದಕ್ಕೆ ಗಣಿತವೇ ಬೇಡ. ಆರೂವರೆ ಅಡಿ ಮೇಲೆ ಅಂದರೆ ಆರೂವರೆ ಅಡಿ ಮುಂದೆ, ಆರೂವರೆ ಅಡಿ ಹಿಂದೆ. ಮುಂದಿನ ಎಡ ಬಲ ಸ್ಪೀಕರ್‌ಗಳ ನಡುವೆ ಎಷ್ಟು ಅಂತರವಿದೆಯೋ ಚಾವಣಿಯ ಪ್ರತಿ ಜೋಡಿಯ ಎಡ ಬಲಗಳ ನಡುವೆಯೂ ಅಷ್ಟೇ ಇರಲಿ. ಅಪಾರ್ಟ್‌ಮೆಂಟಿನ ಚಾವಣಿ ಒಂಬತ್ತೂವರೆ ಅಡಿಯಿದ್ದರೆ ಈ ಅಳತೆಯಲ್ಲಿ ಅರ್ಧ ಅಡಿ ಕಳೆದುಕೋ.

ಇಲ್ಲೇ ಹೆಚ್ಚಿನವರು ಸಿಕ್ಕಿಕೊಳ್ಳುವುದು. ಹಿಂದೆ ಆರೂವರೆ ಅಡಿ ಎಲ್ಲಿಂದ ಬರಬೇಕು? ನಮ್ಮ ಮನೆಗಳಲ್ಲಿ ಸೋಫಾ ಗೋಡೆಗೆ ಅಂಟಿಕೊಂಡೇ ಇರುತ್ತದೆ. ಸೋಫಾದ ಹಿಂದೆ 55 ಡಿಗ್ರಿಗೆ ಬೇಕಾಗುವ ಕನಿಷ್ಠ ನಾಲ್ಕೂವರೆ ಅಡಿ ಜಾಗ ಮಾಡಿಕೊಳ್ಳಲು ಆಗದಿದ್ದರೆ ನಾಲ್ಕು ಸ್ಪೀಕರಿನ ಆಸೆ ಬಿಡು. ಎರಡೇ ಹಾಕು, ನೆತ್ತಿಯ ನೇರದಿಂದ ಮೂರಡಿ ಮುಂದಿನವರೆಗೆ ಎಲ್ಲಾದರೂ. ರಿಸೀವರ್‌ನಲ್ಲಿ ಅದಕ್ಕೆ 'ಟಾಪ್ ಮಿಡಲ್' ಎಂಬ ಹೆಸರು ಕೊಡು. ಹಿಂಗೋಡೆಗೆ ಒತ್ತಿ ಹಾಕಿದ ನಾಲ್ಕಕ್ಕಿಂತ ಸರಿಯಾದ ಜಾಗದ ಎರಡು ಎಷ್ಟೋ ಮೇಲು, ಇದರಲ್ಲಿ ನನಗೆ ಅನುಮಾನವಿಲ್ಲ. ಎರಡೇ ಹಾಕಿದರೂ ಸೋಫಾವನ್ನು ಗೋಡೆಯಿಂದ ಎರಡಡಿಯಾದರೂ ಮುಂದೆ ಎಳೆ. ಗೋಡೆಗೆ ತಲೆ ಆನಿಸಿ ಕೂತರೆ ಬಾಸ್ ಉಬ್ಬುತ್ತದೆ, ಹಿಂದಿನ ಸದ್ದೆಲ್ಲ ಕಿವಿಯ ಬುಡದಲ್ಲೇ ಗೋಡೆಗೆ ಬಡಿದು ಕಲಸಿಹೋಗುತ್ತದೆ.

ಚಾವಣಿಗೆ ತೂತು ಹೊಡೆಯಲು ಮನೆ ಓನರ್ ಬಿಡುವುದಿಲ್ಲ ಎನ್ನುವವರಿಗೆ ಮುಂದಿನ ಸ್ಪೀಕರಿನ ತಲೆಯ ಮೇಲೆ ಕೂರಿಸುವ, ಸದ್ದನ್ನು ಚಾವಣಿಗೆ ಚಿಮ್ಮಿಸುವ ಪೆಟ್ಟಿಗೆಗಳಿವೆ. ಅವುಗಳ ಬಗ್ಗೆ ತಾತ್ಸಾರ ಬೇಡ. ಅವಕ್ಕೆ ಬೇಕಾದದ್ದು ಸಪಾಟಾದ, ಗಟ್ಟಿಯಾದ, ಎಂಟರಿಂದ ಹನ್ನೆರಡು ಅಡಿಯೊಳಗಿನ ಚಾವಣಿ. ನಮ್ಮ ಆರ್‌ಸಿಸಿ ಚಾವಣಿ ಅದಕ್ಕೆ ಹೇಳಿ ಮಾಡಿಸಿದ್ದು. ಆದರೆ ಸದ್ದು ತಾಗಿ ಹಿಂತಿರುಗುವ ಜಾಗ ಸ್ಪೀಕರ್‌ಗೂ ನಿನಗೂ ಹೆಚ್ಚುಕಡಿಮೆ ಮಧ್ಯದಲ್ಲಿ ಬರುತ್ತದೆ. ಅಲ್ಲಿ ತೊಲೆ, ತೂಗುದೀಪ, ಫಾಲ್ಸ್ ಸೀಲಿಂಗಿನ ಮೆಟ್ಟಿಲು ಇದ್ದರೆ ಪ್ರಯೋಜನವಿಲ್ಲ. ಮಲೆನಾಡಿನ ಹೆಂಚಿನ ಮನೆಯ ಇಳಿಜಾರು ಮಾಡಿನ ಕೆಳಗೂ ಇವು ಕೆಲಸಕ್ಕೆ ಬಾರವು, ಸದ್ದು ಎಲ್ಲೋ ತಾಗಿ ಎಲ್ಲೋ ಹೋಗುತ್ತದೆ. ಅಂಥ ಮನೆಯಲ್ಲಿ ಅಡ್ಡ ತೊಲೆಗೇ ಸಣ್ಣ ಸ್ಪೀಕರ್ ಕಟ್ಟುವುದು ಸುಲಭ, ಕೇಳಲೂ ಚೆನ್ನ. ಸ್ವಂತ ಮನೆಯಿರುವ ನಿನಗೆ ನೇರವಾಗಿ ಮೇಲೆ ಹಾಕುವುದೇ ಸರಿ. ಚಿಮ್ಮಿಸಿದ ಸದ್ದಿನಲ್ಲಿ ಒಂದು ಪಾಲು ಮುಂದಿನಿಂದಲೇ ಸೋರಿ ಕಿವಿಗೆ ಬರುವುದನ್ನು ತಪ್ಪಿಸಲು ಆಗುವುದಿಲ್ಲ.

ಫ್ಯಾನಿನ ಮಾತು ಯಾವ ಕಂಪನಿಯ ಕೈಪಿಡಿಯಲ್ಲೂ ನಾನು ಕಂಡಿಲ್ಲ. ನಮ್ಮ ಹಾಲ್‌ಗಳಲ್ಲಿ ನಟ್ಟನಡುವೆ ಫ್ಯಾನ್ ಇರುತ್ತದೆ, ಅದರ ಕೆಳಗೇ ಸೋಫಾ. ಎರಡು ಸ್ಪೀಕರ್ ಹಾಕುವವನಿಗೆ ಬೇಕಾದ ಜಾಗ ಫ್ಯಾನಿನ ಅಕ್ಕಪಕ್ಕವೇ. ರೆಕ್ಕೆಯ ತುದಿಯಿಂದ ಸ್ಪೀಕರ್ ಒಂದೂವರೆ ಅಡಿಯಾದರೂ ದೂರವಿರಲಿ. ಸ್ಪೀಕರ್‌ಗೂ ಕಿವಿಗೂ ನಡುವೆ ರೆಕ್ಕೆ ಸುತ್ತುವಂತಿದ್ದರೆ ಸದ್ದು ಕತ್ತರಿಸಿದಂತೆ ನಡುಗುತ್ತದೆ, ಅದು ತೀಕ್ಷ್ಣ ಸ್ವರಗಳಲ್ಲಿ ಎದ್ದು ಕೇಳಿಸುತ್ತದೆ. ಅದೂ ಅಲ್ಲದೆ ಮೇಲಿನಿಂದ ಬರಬೇಕಾದ ಸಣ್ಣ ಸದ್ದುಗಳನ್ನೆಲ್ಲ ಫ್ಯಾನಿನ ಗಾಳಿಯ ಸದ್ದು ಮುಚ್ಚಿಬಿಡುತ್ತದೆ. ಚಿತ್ರ ನೋಡುವ ಹೊತ್ತಿಗೆ ಗೋಡೆಯ ಮೂಲೆಯಲ್ಲೊಂದು ಫ್ಯಾನ್ ನಿಧಾನವಾಗಿ ತಿರುಗಲಿ, ನಡುವಿನದು ನಿಂತಿರಲಿ.

ಡ್ರಿಲ್ ಮಷಿನ್ ತರಿಸುವ ಮೊದಲು ಎರಡು ಮಡಚುವ ಏಣಿ ತಂದು ಅವುಗಳ ತುದಿಗೆ ಸ್ಪೀಕರ್ ಭದ್ರವಾಗಿ ಕಟ್ಟು, ಅಳೆದ ಜಾಗದಲ್ಲಿ ನಿಲ್ಲಿಸಿ ಎರಡು ಮೂರು ಚಿತ್ರ ನೋಡು. ಒಂದಡಿ ಹಿಂದೆ ಮುಂದೆ ಸರಿಸಿ ಕೇಳು. ಕಿವಿ ಒಪ್ಪಿದ ಮೇಲೆ ಗುರುತು ಹಾಕು. ಗುರುತು ಹಾಕಿದ ಜಾಗದಲ್ಲಿ ಫ್ಯಾನಿನ ಬಾಕ್ಸ್‌ನಿಂದ ಗೋಡೆಗೆ ಹೋಗುವ ವಿದ್ಯುತ್ ಪೈಪು ಸ್ಲ್ಯಾಬಿನೊಳಗೆ ಹಾದುಹೋಗಿದೆಯೇ ಎಂದು ಎಲೆಕ್ಟ್ರಿಷಿಯನ್‌ನನ್ನು ಕೇಳು, ಅವನಿಗೂ ಖಚಿತವಿಲ್ಲದಿದ್ದರೆ ತಂತಿ ಪತ್ತೆಮಾಡುವ ಉಪಕರಣ ತರಲಿ. ತೂತು ಕೊರೆಯುವಾಗ ಮೇನ್ ಆಫ್ ಆಗಿರಲಿ, ಮಷಿನ್‌ಗೆ ಕರೆಂಟು ಪಕ್ಕದ ಮನೆಯಿಂದ ಎಳೆದುಕೊಳ್ಳಲಿ. ಸ್ಲ್ಯಾಬಿನ ಕೆಳಮುಖದಿಂದ ಸುಮಾರು 20 ಮಿಲಿಮೀಟರ್ ಒಳಗೆ ಕಬ್ಬಿಣದ ಸರಳಿರುತ್ತದೆ. ಡ್ರಿಲ್ ಸರಳಿಗೆ ತಾಗಿದರೆ ಅದನ್ನು ಕೊಯ್ದು ಮುಂದೆ ಹೋಗಬೇಡ, ಎರಡು ಇಂಚು ಪಕ್ಕಕ್ಕೆ ಸರಿ. ಮೇಲೆ ಟೆರೇಸ್ ಇರುವ ಮನೆಯಾದರೆ ಆಳ ಎರಡು ಇಂಚು ಮೀರದಿರಲಿ, ಮಳೆಗಾಲದಲ್ಲಿ ಅಲ್ಲಿಂದಲೇ ಜಿನುಗು ಶುರುವಾಗಬಾರದು. ಆಂಕರ್ ಬೋಲ್ಟ್ ಕಾಂಕ್ರೀಟಿಗೇ ಕಚ್ಚಬೇಕು. ಫಾಲ್ಸ್ ಸೀಲಿಂಗಿನ ಜಿಪ್ಸಮ್ ಹಲಗೆಗೆ ಸ್ಪೀಕರಿನ ಭಾರ ಹೊರಿಸಬೇಡ, ಸ್ಲ್ಯಾಬಿನಿಂದ ಸರಳು ಇಳಿಸಿ ಅದಕ್ಕೆ ಕೂರಿಸು. ಇಷ್ಟೆಲ್ಲ ಮಾಡಿದ ಮೇಲೂ ಪ್ರತಿ ಸ್ಪೀಕರಿಗೂ ಬೇರೆಯೇ ಒಂದು ಉಕ್ಕಿನ ತಂತಿ ಹಾಕಿ ಇನ್ನೊಂದು ಬೋಲ್ಟಿಗೆ ಕಟ್ಟು. ಅದರ ಕೆಳಗೆ ಮಲಗಿ ಆಡುವುದು ನಿನ್ನ ಮಗು.

ತಂತಿ ಪೂರಾ ತಾಮ್ರದ್ದಾಗಿರಲಿ, 16 ಗೇಜ್ ಆದರೂ ಸಾಕು. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ತಂತಿಯನ್ನು ಅಗ್ಗಕ್ಕೆ ಕೊಡುತ್ತಾರೆ, ತುದಿ ಕೆರೆದು ನೋಡಿದರೆ ಬಿಳಿ ಕಾಣುತ್ತದೆ, ಅದು ಬೇಡ. ನಿನ್ನ ಗೆಳೆಯ ಮೈಸೂರಿನಲ್ಲಿ ಮನೆ ಕಟ್ಟಿಸುತ್ತಿದ್ದಾನೆ ಅಂದೆಯಲ್ಲ, ಅವನಿಗೆ ಈಗಲೇ ಫೋನ್ ಮಾಡಿ ಹೇಳು: ಸ್ಲ್ಯಾಬಿಗೆ ಕಾಂಕ್ರೀಟ್ ಹಾಕುವ ಮುಂಚೆ ಚಾವಣಿಯ ನಾಲ್ಕು ಜಾಗಕ್ಕೂ ಟಿವಿ ಗೋಡೆಯಿಂದ ಒಂದೊಂದು ಖಾಲಿ ಪೈಪು ಹಾಕಿಸಿಬಿಡಲಿ, ಕರೆಂಟಿನ ಪೈಪಿನಿಂದ ದೂರ. ಇಂದು ಸ್ಪೀಕರ್ ಬೇಡವಾದರೂ ಪೈಪು ಇರಲಿ. ಆ ದಿನ ತಪ್ಪಿದರೆ ಆಮೇಲೆ ಇಡೀ ಜೀವಮಾನ ಚಾವಣಿಯ ಮೇಲೆ ಕೇಸಿಂಗ್ ಪಟ್ಟಿಯ ಗೆರೆಗಳನ್ನು ನೋಡುತ್ತಿರಬೇಕು.

ರಿಸೀವರ್ ಏಳು ಚಾನೆಲಿನದಾದರೆ 5.1.2, ಒಂಬತ್ತರದಾದರೆ 5.1.4. ಹಿಂದೆ ಇನ್ನೆರಡು ಸ್ಪೀಕರ್ ಇಟ್ಟು 7.1.2 ಮಾಡುವ ಆಯ್ಕೆಯೂ ಇದೆ, ಆದರೆ ಸಾಧಾರಣ ಹಾಲ್‌ಗೆ ನಾನು 5.1.4 ಅನ್ನೇ ಹೇಳುತ್ತೇನೆ. ಟಿವಿಯ ಆಡಿಯೋ ಸೆಟ್ಟಿಂಗ್ ಪಿಸಿಎಂ ಎಂದಿದ್ದರೆ ಪಾಸ್‌ಥ್ರೂ ಎಂದು ಬದಲಿಸು, ಇಲ್ಲವಾದರೆ ಎತ್ತರದ ಸದ್ದು ಟಿವಿಯಲ್ಲೇ ಕಳೆದುಹೋಗಬಹುದು. ಚಿತ್ರ ಶುರುವಾದಾಗ ರಿಸೀವರಿನ ಮುಖದ ಮೇಲೆ ಅಟ್ಮಾಸ್ ಎಂದು ಮೂಡುತ್ತದೆಯೇ ನೋಡು. ಆ್ಯಪ್‌ಗಳಿಂದ ಬರುವುದು ಹಿಂಡುವಾಗ ಒಂದಿಷ್ಟು ಕಳೆದುಕೊಂಡ ಧ್ವನಿ, ಬ್ಲೂ-ರೇ ಡಿಸ್ಕ್‌ನಲ್ಲಿ ಸಾಮಾನ್ಯವಾಗಿ ಏನೂ ಕಳೆದುಕೊಳ್ಳದ ಪೂರ್ಣ ಧ್ವನಿ. ಅದರ ವ್ಯತ್ಯಾಸ ಇದೆ, ಆದರೆ ಸೋಫಾ ಸರಿಸಿದ ವ್ಯತ್ಯಾಸದಷ್ಟು ದೊಡ್ಡದಲ್ಲ.

ಕೊನೆಗೆ ರಿಸೀವರಿನ ಮೈಕ್ ಇಟ್ಟು ಸ್ಪೀಕರ್‌ಗಳನ್ನು ಅಳೆಯುವ ಕೆಲಸ. ಮೈಕನ್ನು ಕೈಯಲ್ಲಿ ಹಿಡಿಯಬೇಡ, ಸೋಫಾದ ಒರಗಿನ ಮೇಲೂ ಇಡಬೇಡ. ಕ್ಯಾಮೆರಾ ಸ್ಟ್ಯಾಂಡಿಗೆ ಹಾಕಿ ಕಿವಿಯ ಎತ್ತರಕ್ಕೆ ನಿಲ್ಲಿಸು. ಬೆಳಗಿನ ಜಾವ ಮಾಡು, ಕುಕ್ಕರ್ ಕೂಗುವ ಮುಂಚೆ, ಬೀದಿಯಲ್ಲಿ ಸೊಪ್ಪಿನವರು ಬರುವ ಮುಂಚೆ. ಮುಗಿದ ಮೇಲೆ ಯಂತ್ರ ಬರೆದುಕೊಂಡ ದೂರಗಳನ್ನು ಟೇಪಿನ ಅಳತೆಗೆ ಹೋಲಿಸು. ಚಾವಣಿಯ ಸ್ಪೀಕರ್‌ಗಳನ್ನು 'ಸ್ಮಾಲ್' ಎಂದು ಇಟ್ಟು, 100 ಅಥವಾ 120 ಹರ್ಟ್ಸ್‌ಗಿಂತ ಕೆಳಗಿನದನ್ನು ಸಬ್‌ವೂಫರಿಗೆ ಕಳಿಸು.

ಅಕ್ಕ ಮೊನ್ನೆ ಫೋನಿನಲ್ಲಿ ಬೇಸರ ಮಾಡಿಕೊಂಡಳು, ಅವನ ಮನೆಯಲ್ಲಿ ಸಿನಿಮಾ ಹಾಕಿದರೆ ಬಾಂಬು ಕೇಳಿಸುತ್ತದೆ, ಮಾತು ಕೇಳಿಸುವುದಿಲ್ಲ ಎಂದು. ಇದಕ್ಕೆ ನಾಲ್ಕಲ್ಲ, ನಲವತ್ತು ಹೈಟ್ ಸ್ಪೀಕರ್ ಹಾಕಿದರೂ ಪರಿಹಾರವಿಲ್ಲ. ಚಿತ್ರದ ಮಾತು ಬರುವುದು ನಡುವಿನ ಸೆಂಟರ್ ಸ್ಪೀಕರಿನಿಂದ. ನೀನು ಅದನ್ನು ಟಿವಿ ಕಪಾಟಿನ ಒಳಗೆ, ಗಾಜಿನ ಬಾಗಿಲ ಹಿಂದೆ ಇಟ್ಟಿದ್ದೀಯ. ಹೊರಗೆ ತೆಗೆದು ಕಪಾಟಿನ ಅಂಚಿಗೆ ತಂದು ಮುಖವನ್ನು ತುಸು ಮೇಲಕ್ಕೆತ್ತು, ಮಟ್ಟ ಎರಡು ಡೆಸಿಬೆಲ್ ಏರಿಸು. ನಿಮ್ಮಮ್ಮ ಬಂದಾಗ ಒಂದು ಇಡೀ ಚಿತ್ರ ಸಬ್‌ಟೈಟಲ್ ಇಲ್ಲದೆ ನೋಡಲು ಕೂರಿಸು. ಆಕೆಗೆ ಪ್ರತಿ ಮಾತೂ ತಿಳಿದ ಮೇಲೆ ಚಾವಣಿಗೆ ಕೈ ಹಾಕು.

ನೆಲದ ವಿಟ್ರಿಫೈಡ್ ಟೈಲ್ಸ್, ಬೋಳು ಗೋಡೆ, ದೊಡ್ಡ ಗಾಜಿನ ಕಿಟಕಿ, ಇವು ಸದ್ದನ್ನು ಅಲ್ಲಿಂದಿಲ್ಲಿಗೆ ಎಸೆಯುತ್ತಲೇ ಇರುತ್ತವೆ. ನಡುವೆ ನಿಂತು ಒಂದು ಚಪ್ಪಾಳೆ ತಟ್ಟು, ಸರ್ರನೆ ಗುಂಯ್‌ಗುಟ್ಟಿದರೆ ಮೊದಲು ಅದಕ್ಕೆ ದುಡ್ಡು ಹಾಕು. ದಪ್ಪ ಪರದೆ, ಪುಸ್ತಕದ ಕಪಾಟು, ನೆಲಕ್ಕೊಂದು ಹಾಸು. ನಮ್ಮ ಮನೆಯ ನವಲಗುಂದದ ಜಮಖಾನೆ ಕೊಡುತ್ತೇನೆ, ಅದು ತೆಳುವಾದ್ದರಿಂದ ಕೆಳಗೆ ದಪ್ಪ ಫೆಲ್ಟ್ ಹಾಸಿಕೋ.

ಎಲ್ಲ ಕೂತ ಮೇಲೆ ಮೊದಲು ನೋಡಬೇಕಾದದ್ದು 'ರೋಮಾ', ಅಲ್ಫಾನ್ಸೋ ಕ್ವಾರೋನ್ 2018ರಲ್ಲಿ ಮಾಡಿದ ಕಪ್ಪು ಬಿಳುಪಿನ ಚಿತ್ರ. ಅದಕ್ಕೆ ಹಿನ್ನೆಲೆ ಸಂಗೀತವೇ ಇಲ್ಲ. ಅಂಗಳ ತೊಳೆಯುವ ನೀರು, ನಾಯಿ, ಬೀದಿ, ಕೊನೆಯಲ್ಲಿ ಸಮುದ್ರ, ಇವೇ ಮೆಕ್ಸಿಕೋ ನಗರದ ಒಂದು ಮನೆಯನ್ನು ನಿನ್ನ ಸುತ್ತ ಕಟ್ಟುತ್ತವೆ. ಸಾಹಸ ಚಿತ್ರ ಆಮೇಲೆ ನೋಡಿದರಾಯಿತು. ಇನ್ನೊಂದು, ಪಿ.ಬಿ. ಶ್ರೀನಿವಾಸ್ ಅವರ ಹಳೆಯ ಹಾಡು ಕೇಳುವಾಗ ರಿಸೀವರ್ ಅದನ್ನು ತಾನಾಗಿ ಎಲ್ಲ ಸ್ಪೀಕರಿಗೂ ಹರಡಲು ನೋಡುತ್ತದೆ. ಆ ಹಾಡುಗಳು ಒಂದೇ ಪಥದಲ್ಲಿ ಧ್ವನಿಮುದ್ರಣಗೊಂಡವು, ಆ ಕಂಠವನ್ನು ಚಾವಣಿಗೆ ಏರಿಸಬೇಡ. ಸ್ಟೀರಿಯೋ ಗುಂಡಿ ಒತ್ತಿ ಮುಂದಿನ ಎರಡರಲ್ಲೇ ಕೇಳು.

ನಿನ್ನ ಚಾವಣಿ ಮೇಲಿನ ಮನೆಯವರ ನೆಲ. ಸ್ಪೀಕರಿಗೂ ಬ್ರಾಕೆಟ್ಟಿಗೂ ನಡುವೆ ರಬ್ಬರ್ ಪ್ಯಾಡ್ ಹಾಕು, ಅದುರುವಿಕೆ ಕಾಂಕ್ರೀಟಿಗೆ ಇಳಿಯದಂತೆ. ಆಮೇಲೆ ಒಂದು ಸಂಜೆ ಅವರನ್ನು ಕೇಳಿಕೊಂಡು, ನೀನು ದಿನಾ ನೋಡುವ ಸದ್ದಿಗೇ ಇಲ್ಲಿ ಚಿತ್ರ ಹಚ್ಚಿಟ್ಟು ಮೇಲೆ ಹೋಗು. ಅವರ ಹಾಲ್‌ನಲ್ಲಿ ಐದು ನಿಮಿಷ ಕೂರು, ಅವರ ಮಗು ಮಲಗುವ ಕೋಣೆಗೂ ಹೋಗಿ ನಿಲ್ಲು. ಅಲ್ಲಿ ಕೇಳಿಸುವುದು ಬಹುಶಃ ಹೈಟ್ ಸ್ಪೀಕರಿನದಲ್ಲ, ಸಬ್‌ವೂಫರಿನದು. ಅದನ್ನು ಮೂಲೆಯಿಂದ ಎತ್ತಿ ದಪ್ಪ ಫೋಮಿನ ಮೇಲಿಡು, ಮಟ್ಟ ತಗ್ಗಿಸು, ಮತ್ತೆ ಮೇಲೆ ಹೋಗಿ ಕೇಳು. ರಾತ್ರಿ ಹತ್ತರ ಮೇಲೆ ನೋಡುವುದಕ್ಕೆ ರಿಸೀವರಿನಲ್ಲಿ ನೈಟ್ ಮೋಡ್ ಎಂದು ಬೇರೆಯೇ ಇದೆ, ಅದನ್ನು ಹಾಕಿಕೋ.